ಕ್ಯಾಲ್ಸಿಯಂ ಡಬ್ಬಿ

ನನ್ನ ಗಂಡ ತೀರಿಕೊಂಡು ಇವತ್ತಿಗೆ ಎರಡು ತಿಂಗಳು ಹನ್ನೊಂದು ದಿನ. ನಮ್ಮಲ್ಲಿ ಗಂಡ ಸತ್ತವಳು ನಾಲ್ಕು ತಿಂಗಳು ಹತ್ತು ದಿನ ಇದ್ದತ್ ಕೂರಬೇಕು. ಮನೆ ಬಿಟ್ಟು ಹೋಗುವಂತಿಲ್ಲ. ಅಪ್ಪ, ಅಣ್ಣತಮ್ಮ, ಮಗ, ಅಳಿಯ ಅಂಥವರನ್ನು ಬಿಟ್ಟು ಬೇರೆ ಗಂಡಸರ ಎದುರು ಬರುವಂತಿಲ್ಲ. ಹಾಗಾಗಿ ಕೋಣೆಯಲ್ಲಿ ಕೂತಿದ್ದೇನೆ. ಮಗಳ ಕಾಲೇಜಿನ ಒಂದು ನೋಟ್‌ಬುಕ್ಕು ಅರ್ಧ ಖಾಲಿ ಇತ್ತು, ಅದರಲ್ಲಿ ಬರೆಯುತ್ತಿದ್ದೇನೆ. ಮನೆಯಲ್ಲಿ ನಾವು ಆಡುವುದು ಬ್ಯಾರಿ ಭಾಷೆ. ಬರೆಯಲು ನನಗೆ ಬರುವುದು ಕನ್ನಡ ಮಾತ್ರ, ರಾಮಕುಂಜದಲ್ಲಿ ಹತ್ತನೇ ಕ್ಲಾಸಿನವರೆಗೆ ಕಲಿತದ್ದು. ಅಕ್ಷರ ಚಂದ ಉಂಟು ಎಂದು ಆಗ ಟೀಚರು ಬೋರ್ಡಿನಲ್ಲಿ ನನ್ನಿಂದಲೇ ಸುಭಾಷಿತ ಬರೆಸುತ್ತಿದ್ದರು. ಮದುವೆಯಾದ ಮೇಲೆ ಈ ಮನೆಯ ಅರ್ಜಿ, ಫಾರಂ, ಪಡಿತರ ಚೀಟಿಯ ಕಾಗದ ಎಲ್ಲ ಬರೆದದ್ದು ನಾನೇ.

ನೋಡಲು ಬರುವ ಹೆಂಗಸರು ಒಂದೇ ಮಾತು ಹೇಳುತ್ತಾರೆ. "ನಿನ್ನ ಹಾಗೆ ಗಂಡನನ್ನು ನೋಡಿಕೊಂಡವರು ಯಾರುಂಟು ಹೇಳು. ಗಡಿಯಾರ ನೋಡಿ ಮಾತ್ರೆ ಕೊಟ್ಟವಳು ನೀನು. ಅಲ್ಲಾಹು ಅದನ್ನೆಲ್ಲ ನೋಡಿದ್ದಾನೆ." ನಾನು ತಲೆ ತಗ್ಗಿಸುತ್ತೇನೆ. ಅದು ದುಃಖ ಎಂದು ಅವರು ತಿಳಿಯುತ್ತಾರೆ. ಪಕ್ಕದ ಮನೆಯ ಮುದುಕಿಯಂತೂ, "ಸಬೂರ್ ಮಾಡು ಮಗಳೇ," ಎಂದು ನನ್ನ ಬೆನ್ನು ಸವರುತ್ತಾಳೆ. ಅಲ್ಲಾಹು ನೋಡಿದ್ದಾನೆ ಎಂಬುದೇ ನನಗಿರುವ ಹೆದರಿಕೆ ಎಂದು ಅವಳಿಗೆ ಹೇಗೆ ಹೇಳುವುದು?

ಪುತ್ತೂರಿನಲ್ಲಿ ಒಬ್ಬರು ಹಲ್ಲಿನ ಡಾಕ್ಟರಿದ್ದಾರೆ. ಸಣ್ಣ ಪ್ರಾಯದ ಹುಡುಗಿ, ಕ್ಲಿನಿಕ್ ತೆರೆದು ಬಹಳ ಕಾಲ ಆಗಿಲ್ಲ. ಅವರು ಹಲ್ಲು ಕಿತ್ತದ್ದರಿಂದ ನನ್ನ ಗಂಡ ಹೋದರು ಎಂದು ನನ್ನ ಮೈದುನ ಊರೆಲ್ಲ ಹೇಳುತ್ತಿದ್ದಾನೆ. ವಾಟ್ಸಾಪ್ ಗ್ರೂಪುಗಳಲ್ಲಿ ಹಾಕಿದ್ದಾನೆ. ಕ್ಲಿನಿಕ್ಕಿಗೆ ಹೋಗಿ ಜನ ಕೂತಿರುವಾಗಲೇ ಬೊಬ್ಬೆ ಹಾಕಿ ಬಂದಿದ್ದಾನೆ. ನಾನು ಎರಡು ತಿಂಗಳಿಂದ ಅದನ್ನು ಕೇಳಿಕೊಂಡು ಬಾಯಿ ಮುಚ್ಚಿ ಕೂತಿದ್ದೇನೆ. ಈ ಪುಸ್ತಕ ಹಿಡಿದದ್ದು ಆ ಕಾರಣಕ್ಕೆ.

ಮೊದಲಿನಿಂದ ಬರೆಯುತ್ತೇನೆ.

ನನ್ನ ಗಂಡನಿಗೆ ಕಡಬದಲ್ಲಿ ಚಪ್ಪಲಿ ಅಂಗಡಿ. ಅದಕ್ಕೆ ಮೊದಲು ಹನ್ನೆರಡು ವರ್ಷ ಗಲ್ಫಿನಲ್ಲಿದ್ದವರು. ಜನರನ್ನು ಮುಖಕ್ಕಿಂತ ಕಾಲಿನಿಂದ ಗುರುತು ಹಿಡಿಯುತ್ತಿದ್ದರು. "ಆ ಎಂಟು ನಂಬ್ರದವರು, ಎಡಗಾಲು ಸ್ವಲ್ಪ ದೊಡ್ಡದು, ಅವರ ಮಗಳಿಗೆ ಕೆಲಸ ಆಯ್ತಂತೆ," ಎಂದು ಊಟಕ್ಕೆ ಕೂತು ಸುದ್ದಿ ಹೇಳುವರು. ಐದು ವರ್ಷದ ಹಿಂದೆ ಅವರ ಕುತ್ತಿಗೆಯಲ್ಲಿ ನೆಲ್ಲಿಕಾಯಿಯಷ್ಟು ದೊಡ್ಡ ಗಂಟು ಬಂತು. ನೋವಿಲ್ಲ. ಮಂಗಳೂರಿನಲ್ಲಿ ಪರೀಕ್ಷೆ ಮಾಡಿ ಲಿಂಫೋಮಾ ಎಂದರು. ಗಂಟುಗಳಲ್ಲಿ ಬರುವ ಕ್ಯಾನ್ಸರ್. ಆರು ಸಲ ಡ್ರಿಪ್ಪಿನಲ್ಲಿ ಮದ್ದು ಕೊಟ್ಟರು, ಕೂದಲು ಪೂರ್ತಿ ಹೋಯಿತು.

ಯಾರಿಗೂ ಹೇಳುವುದು ಬೇಡ ಎಂದದ್ದು ನಾನು. ನನ್ನ ಚಿಕ್ಕಮ್ಮನ ಮಗಳಿಗೆ ಎದೆಯ ಕ್ಯಾನ್ಸರ್ ಆಗಿತ್ತು. ಅವಳ ಹುಡುಗಿಗೆ ಬಂದ ಒಳ್ಳೆ ಸಂಬಂಧ, "ರಕ್ತದಲ್ಲಿ ಬರುದಂತೆ," ಎಂಬ ಒಂದು ಮಾತಿನಲ್ಲಿ ತಪ್ಪಿಹೋಯಿತು. ನಮ್ಮ ಕಡೆ ಸಂಬಂಧ ಕೂಡುವ ಮೊದಲು ಎರಡೂ ಕಡೆಯವರು ವಿಚಾರಿಸುತ್ತಾರೆ. ಮನೆಗೆ ಬಂದು ವಿಚಾರಿಸುವುದಲ್ಲ. ರಿಕ್ಷಾ ಸ್ಟ್ಯಾಂಡಿನಲ್ಲಿ, ಮೆಡಿಕಲ್ ಅಂಗಡಿಯಲ್ಲಿ, ಮೀನಿನವನ ಹತ್ತಿರ ಕೇಳುತ್ತಾರೆ. ಮಗಳು ಆಗ ಪಿಯುಸಿ. ನನಗೆ ಅವಳ ಮದುವೆ ಆಗಲೇ ಕಣ್ಣೆದುರು ಬಂದಿತ್ತು.

ಅವರ ಬೋಳು ತಲೆ ನೋಡಿ ಊರಿನವರು ತಾವೇ ಒಂದು ಕಾರಣ ಹುಡುಕಿಕೊಂಡರು. ಮಕ್ಕಾಕ್ಕೆ ಉಮ್ರಾ ಯಾತ್ರೆ ಹೋದ ಗಂಡಸರು ತಲೆ ಬೋಳಿಸಿಕೊಂಡು ಬರುತ್ತಾರಲ್ಲ. "ಎಂತ ಮಾರಾಯ್ರೆ, ಹೇಳದೆ ಕೇಳದೆ ಉಮ್ರಾ ಮಾಡಿ ಬಂದ್ರಾ? ನಮಗೆ ಒಂದು ಖರ್ಜೂರ ಸಹ ಇಲ್ವಾ?" ಎಂದು ಅಂಗಡಿಯಲ್ಲಿ ಒಬ್ಬರು ತಮಾಷೆ ಮಾಡಿದರು. ಇವರು ಹೌದು ಎನ್ನಲಿಲ್ಲ, ಅಲ್ಲ ಎನ್ನಲಿಲ್ಲ, ನಕ್ಕರು. ಮಾರನೇ ದಿನ ಪುತ್ತೂರಿನಿಂದ ಖರ್ಜೂರ ತಂದು ಮಾತಿಲ್ಲದೆ ಎಲ್ಲರಿಗೂ ಹಂಚಿದರು. ಆ ರಾತ್ರಿ ಅನ್ನದ ಬಟ್ಟಲಿನ ಎದುರು ಕೂತು, "ಸತ್ತ ಮೇಲೆ ಇದನ್ನು ನನ್ನ ಹತ್ತಿರ ಕೇಳ್ತಾರೆ, ನೋಡು. ಬೇರೆ ಎಲ್ಲ ಬಿಟ್ಟರೂ ಈ ಖರ್ಜೂರದ ಲೆಕ್ಕ ಕೇಳ್ತಾರೆ," ಎಂದರು. ನಾನು ನಗಾಡಿದೆ. ಈಗ ಅದು ನೆನಪಾದರೆ ಮುಖ ಬಿಸಿಯಾಗುತ್ತದೆ.

ಮೂರು ವರ್ಷ ಚೆನ್ನಾಗಿದ್ದರು. ನಾಲ್ಕನೇ ವರ್ಷ ಕಂಕುಳಿನಲ್ಲಿ ಮತ್ತೆ ಗಂಟು. ಮಂಗಳೂರಿನ ಡಾಕ್ಟರು ಸ್ಕ್ಯಾನ್ ನೋಡಿ, "ಮರಳಿ ಬಂದಿದೆ," ಎಂದರು. ಮುಂದೆ ಅವರು ಹೇಳಿದ್ದು ನನಗೆ ಸರಿಯಾಗಿ ಅರ್ಥವಾಯಿತು. ಈ ಸಲ ಡ್ರಿಪ್ ಬೇಡ, ಬಾಯಿಯಿಂದ ನುಂಗುವ ಮಾತ್ರೆ ಉಂಟು. ಬೆಳೆ ಎಂದು ಆ ಕೆಟ್ಟ ಕೋಶಕ್ಕೆ ಒಳಗಿನಿಂದ ಒಂದು ಸುದ್ದಿ ಹೋಗುತ್ತಾ ಇರುತ್ತದೆ, ಮಾತ್ರೆ ಆ ಸುದ್ದಿ ಹೋಗುವ ದಾರಿಯನ್ನು ಮುಚ್ಚುತ್ತದೆ. ದಿನಾ ಒಂದೇ ಹೊತ್ತಿಗೆ ತೆಗೆದುಕೊಳ್ಳಬೇಕು, ಕೇಳದೆ ನಿಲ್ಲಿಸಬಾರದು, ಚಕ್ಕೋತ ತಿನ್ನಬಾರದು. ಆಮೇಲೆ ನನ್ನ ಕಡೆಗೇ ತಿರುಗಿ, "ಹಲ್ಲು ಕೀಳಿಸುದು, ಸಣ್ಣ ಆಪರೇಷನ್ ಎಂತದ್ದೇ ಇರಲಿ, ಮೊದಲು ನನಗೆ ಫೋನ್ ಮಾಡಬೇಕು. ಈ ಮಾತ್ರೆಯಲ್ಲಿ ರಕ್ತ ಬೇಗ ನಿಲ್ಲುದಿಲ್ಲ," ಎಂದರು.

ಇದನ್ನು ಕೇಳಿದ ಕಿವಿ ನನ್ನದು. ತಿಳಿಯದೆ ಆದದ್ದು ಎಂದು ಹೇಳಲು ನನಗೆ ದಾರಿ ಇಲ್ಲ.

ಮಾತ್ರೆ ಶುರುವಾಗಿ ಒಂದು ತಿಂಗಳಾಗುವಷ್ಟರಲ್ಲಿ ಕಂಕುಳಿನ ಗಂಟು ಬೆರಳಿಗೆ ಸಿಗದ ಹಾಗಾಯಿತು. ಕೂದಲು ಹೋಗಲಿಲ್ಲ, ವಾಂತಿ ಇಲ್ಲ. ಕೈ ಎಲ್ಲಿಯಾದರೂ ತಾಗಿದರೆ ನೀಲಿ ಕಲೆ ಏಳುತ್ತಿತ್ತು, ಅಷ್ಟೆ. ಬೆಳಿಗ್ಗೆ ಎಂಟಕ್ಕೆ ಮಾತ್ರೆ ನುಂಗಿ ಅಂಗಡಿಗೆ ಹೋಗುತ್ತಿದ್ದರು. ನನಗೇ ಎಷ್ಟೋ ಸಲ ಕಾಯಿಲೆ ಮರೆತುಹೋಗುತ್ತಿತ್ತು. ಒಂದು ದಿನ ಅಕ್ಕಿ ಚೀಲ ಒಳಗೆ ಇಡಲು ಹೇಳಿದಾಗ, "ಸ್ವಲ್ಪ ಕೂತು ಇಡ್ತೇನೆ, ಸುಸ್ತು," ಎಂದರು. "ಎಂತ ಸುಸ್ತು ನಿಮಗೆ? ಮಾತ್ರೆಯಲ್ಲಿ ಹೋಗುವ ಕ್ಯಾನ್ಸರ್ ಎಂತ ಕ್ಯಾನ್ಸರ್?" ಎಂದುಬಿಟ್ಟೆ. ಅವರು ಎದ್ದು ಚೀಲ ಇಟ್ಟರು. ಮುಂಗೈಯಲ್ಲಿ ಅಂಗೈ ಅಗಲದ ನೀಲಿ ಎದ್ದಿತು. ಅಂಗಿಯ ತೋಳು ಇಳಿಸಿಕೊಂಡರು.

ಮಾತ್ರೆ ಬರುತ್ತಿದ್ದದ್ದು ಇಂಗ್ಲಿಷಿನಲ್ಲಿ ಬರೆದ ಬಿಳಿ ಡಬ್ಬಿಯಲ್ಲಿ. ಮನೆಗೆ ಬಂದವರು ಯಾರಾದರೂ ಫೋನಿನಲ್ಲಿ ಆ ಹೆಸರು ಹೊಡೆದು ನೋಡಿದರೆ ಮುಗಿಯಿತು. ಹಾಗೆಂದು ನನ್ನ ಕ್ಯಾಲ್ಸಿಯಂ ಮಾತ್ರೆಯ ಡಬ್ಬಿ ಖಾಲಿ ಮಾಡಿ ಅದಕ್ಕೆ ತುಂಬಿಸಿದೆ. ಹೊಸ ಡಬ್ಬಿ ಬಂದಾಗಲೆಲ್ಲ ಅದೇ ಕೆಲಸ. ಅಸಲು ಡಬ್ಬಿಗಳನ್ನು ಬೀರುವಿನಲ್ಲಿ ನನ್ನ ಮದುವೆ ಸೀರೆಯ ಅಡಿಯಲ್ಲಿ ಇಟ್ಟೆ. ಬಿಸಾಡಿದರೆ ಯಾರಾದರೂ ಹೆಕ್ಕಿಯಾರು ಎಂದು ಹೆದರಿಕೆ. ಮಗಳಿಗೆ ಸಹ ಹೇಳಲಿಲ್ಲ. "ಉಪ್ಪನಿಗೆ ಎಂತಕ್ಕೆ ಕ್ಯಾಲ್ಸಿಯಂ?" ಎಂದು ಅವಳು ಅಪ್ಪನ ಬಗ್ಗೆ ಕೇಳಿದಾಗ, "ದಿನವಿಡೀ ನಿಂತು ವ್ಯಾಪಾರ ಮಾಡುದಲ್ವಾ, ಮೂಳೆಗೆ," ಎಂದೆ.

ಆ ವರ್ಷ ಮಗಳಿಗೆ ಸುಳ್ಯದ ಕಡೆಯಿಂದ ಸಂಬಂಧ ಬಂತು. ಹುಡುಗ ಒಳ್ಳೆಯವನು. ಎರಡೂ ಕಡೆ ಒಪ್ಪಿಗೆಯಾಗಿ ನಿಶ್ಚಯಕ್ಕೆ ಹದಿನೈದು ದಿನ ಇರುವಾಗ ನನ್ನ ಗಂಡನಿಗೆ ಕೆಳಗಿನ ದವಡೆ ಹಲ್ಲು ನೋವು ಎದ್ದಿತು. ಮೊದಲೇ ಅಲ್ಲಾಡುತ್ತಿದ್ದ ಹಲ್ಲು. ಕೆನ್ನೆ ಊದಿತು. ಊದಿದ ಮುಖದಲ್ಲಿ ನಿಶ್ಚಯದ ದಿನ ಹೇಗೆ ಕೂರುವುದು?

"ಮಂಗಳೂರಿಗೆ ಒಂದು ಫೋನ್ ಮಾಡು," ಎಂದರು ಅವರು.

"ಇವತ್ತು ಭಾನುವಾರ. ನಾಳೆ ಮಾಡುವ," ಎಂದೆ.

ನಾಳೆ ನಾನು ಮಾಡಲಿಲ್ಲ. ಮಾಡಿದರೆ, ಕೆಲವು ದಿನ ಮಾತ್ರೆ ನಿಲ್ಲಿಸಿ ಕಾಯಿರಿ, ಇಲ್ಲಿಗೇ ಬನ್ನಿ ಎನ್ನುತ್ತಾರೆ, ನಿಶ್ಚಯ ಮುಂದೆ ಹೋಗುತ್ತದೆ, ಯಾಕೆ ಎಂದು ಸುಳ್ಯದವರು ಕೇಳುತ್ತಾರೆ. ಇಷ್ಟೆಲ್ಲ ನಾನೇ ಮನಸ್ಸಿನಲ್ಲಿ ಲೆಕ್ಕ ಹಾಕಿದೆ. ಒಂದು ಹಲ್ಲು ತಾನೆ. ಆ ದಿನದ ಮಾತ್ರೆ ಒಂದು ಬಿಟ್ಟರೆ ಸಾಕು ಎಂದು ನಾನೇ ತೀರ್ಮಾನ ಮಾಡಿದೆ, ಡಾಕ್ಟರಿಣಿಯ ಹಾಗೆ.

ಮಂಗಳವಾರ ಪುತ್ತೂರಿಗೆ ಹೋದೆವು. ಕ್ಲಿನಿಕ್ ಮಾಳಿಗೆಯಲ್ಲಿತ್ತು. ಮೆಟ್ಟಿಲು ಹತ್ತಿ ಒಳಗೆ ಕಾಲಿಟ್ಟರೆ ಕುರ್ಚಿಯಲ್ಲಿ ಕೂತದ್ದು ಹುಡುಗನ ಸೋದರತ್ತೆ. ಪುತ್ತೂರಿನಲ್ಲೇ ಅವರ ಮನೆ. ನಮ್ಮನ್ನು ಕಂಡು ಎದ್ದು ಬಂದು ನನ್ನ ಕೈ ಹಿಡಿದು ಪಕ್ಕದಲ್ಲೇ ಕೂರಿಸಿಕೊಂಡರು.

"ಎಂತ ಭಾವ, ನಿಶ್ಚಯದ ಪಾಯಸಕ್ಕೆ ಈಗಲೇ ಹಲ್ಲು ರಿಪೇರಿಯಾ?" ಎಂದು ನನ್ನ ಗಂಡನನ್ನು ತಮಾಷೆ ಮಾಡಿದರು.

"ಪಾಯಸಕ್ಕೆ ಹಲ್ಲು ಬೇಡ. ನಿಮ್ಮ ಕಡೆಯವರ ಕೋಳಿ ಗಟ್ಟಿ ಇರ್ತದೆ ಅಂತ ಸುದ್ದಿ," ಎಂದರು ಇವರು ಊದಿದ ಬಾಯಿಯಲ್ಲಿ. ಅವರು ಜೋರಾಗಿ ನಕ್ಕರು.

ಅಷ್ಟರಲ್ಲಿ ಕೌಂಟರಿನ ಹುಡುಗಿ ಒಂದು ಫಾರಂ ಕೊಟ್ಟಳು. ಕನ್ನಡದಲ್ಲೇ ಇತ್ತು. ಸಕ್ಕರೆ ಕಾಯಿಲೆ ಇದೆಯೇ, ರಕ್ತದೊತ್ತಡ ಇದೆಯೇ, ಹೃದಯದ ತೊಂದರೆ, ರಕ್ತ ನಿಲ್ಲದ ತೊಂದರೆ, ಕ್ಯಾನ್ಸರ್ ಚಿಕಿತ್ಸೆ, ಈಗ ತೆಗೆದುಕೊಳ್ಳುತ್ತಿರುವ ಔಷಧಿಗಳು. ಪ್ರತಿಯೊಂದರ ಎದುರು ಬರೆಯಲು ಗೆರೆ. ಅದನ್ನು ಮಾಡಿದವರು ಚಂದ ಯೋಚನೆ ಮಾಡಿಯೇ ಮಾಡಿದ್ದರು. ನಾನು ಪೆನ್ನು ತೆಗೆದೆ. ಸೋದರತ್ತೆ ನನ್ನ ಹೆಗಲಿನ ಮೇಲಿಂದ ಬಗ್ಗಿ ನೋಡಿದರು. "ಹಲ್ಲಿಗೂ ಪರೀಕ್ಷೆ ಬರೀಬೇಕಾ ಈಗ! ಅಯ್ಯೋ, ನಿಮ್ಮ ಅಕ್ಷರ ಪುಸ್ತಕದಲ್ಲಿ ಅಚ್ಚು ಹಾಕಿದ ಹಾಗೆ ಉಂಟಲ್ವಾ?"

ನಾನು ಇಲ್ಲ ಎಂದು ಬರೆದೆ. ಅದರ ಕೆಳಗೆ ಇಲ್ಲ. ಅದರ ಕೆಳಗೆ ಇಲ್ಲ. ಕ್ಯಾನ್ಸರ್ ಎಂಬ ಗೆರೆಗೆ ಬಂದಾಗ ಪೆನ್ನು ನಿಲ್ಲಲಿಲ್ಲ, ಅದು ನನಗೆ ಸರಿಯಾಗಿ ನೆನಪುಂಟು. ಅಕ್ಷರ ಸಹ ಕೆಡಲಿಲ್ಲ. ತಲೆ ಎತ್ತಿದಾಗ ನನ್ನ ಗಂಡ ಆ ಕಾಗದವನ್ನೇ ನೋಡುತ್ತಿದ್ದರು. ಆಮೇಲೆ ನನ್ನನ್ನು ನೋಡಿದರು. ಒಂದು ಮಾತು ಹೇಳಬಹುದಿತ್ತು. ಸೋದರತ್ತೆಯ ಕಡೆ ತಿರುಗಿ ಹುಡುಗನ ಕೆಲಸದ ಸುದ್ದಿ ಕೇಳತೊಡಗಿದರು.

ಒಳಗೆ ಕರೆದಾಗ ಡಾಕ್ಟರು ಫಾರಂ ಓದಿ, ಮತ್ತೊಮ್ಮೆ ಬಾಯಿಯಲ್ಲಿ ಕೇಳಿದರು. "ದಿನಾ ತೆಗೆದುಕೊಳ್ಳುವ ಮಾತ್ರೆ ಯಾವುದಾದರೂ ಉಂಟಾ? ರಕ್ತ ತೆಳ್ಳಗೆ ಮಾಡುವಂಥದ್ದು?" ಬಾಗಿಲು ತೆರೆದೇ ಇತ್ತು, ಹೊರಗೆ ಸೋದರತ್ತೆಯ ಬಳೆಯ ಸದ್ದು ಕೇಳುತ್ತಿತ್ತು.

"ಕ್ಯಾಲ್ಸಿಯಂ ಮಾತ್ರ," ಎಂದೆ.

ಹಲ್ಲು ಸುಲಭದಲ್ಲಿ ಬಂತು. ರಕ್ತ ನಿಲ್ಲಲಿಲ್ಲ. ಹತ್ತಿ ಕಚ್ಚಿಕೊಂಡು ಮನೆಗೆ ಬಂದೆವು, ಹತ್ತಿ ನೆನೆದು ಇನ್ನೊಂದು ಇಟ್ಟೆ, ಅದೂ ನೆನೆಯಿತು. ಸಂಜೆ ಪುನಃ ಪುತ್ತೂರಿಗೆ ಓಡಿದೆವು. ಕ್ಲಿನಿಕ್ ಮುಚ್ಚಿ ಹೋಗುವ ಹೊತ್ತಿನಲ್ಲಿದ್ದ ಡಾಕ್ಟರು ಕೈಚೀಲ ಕೆಳಗಿಟ್ಟು ಹೊಲಿಗೆ ಹಾಕಿದರು. ಒಂದು ಗಂಟೆ ಬೆರಳಿನಲ್ಲಿ ಒತ್ತಿ ಹಿಡಿದು ನಿಂತರು. "ಹೀಗೆ ಆಗಬಾರದು. ಎಂತದೋ ಇದೆ. ನೀವು ಎಂತಾದರೂ ಮರೆತಿದ್ದೀರಾ ಹೇಳಲಿಕ್ಕೆ?" ಎಂದು ನನ್ನನ್ನು ಕೇಳಿದರು. ಆಗ ಸೋದರತ್ತೆ ಅಲ್ಲಿರಲಿಲ್ಲ. ಕ್ಲಿನಿಕ್ಕಿನಲ್ಲಿ ಯಾರೂ ಇರಲಿಲ್ಲ. ಆದರೂ ನಾನು, "ಇಲ್ಲ," ಎಂದೆ. ಬರೆದದ್ದು ಸುಳ್ಳು ಎಂದು ಒಪ್ಪಿಕೊಳ್ಳಲು ನಾಚಿಕೆಯಾಯಿತು. ಮೊದಲನೇ ಸುಳ್ಳು ಮಗಳಿಗಾಗಿ ಎಂದು ಹೇಳಬಹುದು, ಎರಡನೆಯದು ಬರೀ ನನಗಾಗಿ.

ಅವರು ತಾವೇ ಫೋನ್ ಮಾಡಿ ಆಂಬುಲೆನ್ಸ್ ತರಿಸಿ ಮಂಗಳೂರಿಗೆ ಕಳಿಸಿದರು. ಅಲ್ಲಿ ನಮ್ಮ ಡಾಕ್ಟರ ಎದುರು ಮಾತ್ರ ನಿಜ ಬಾಯಿಗೆ ಬಂತು. ಅವರು ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. ರಕ್ತ ಕೊಟ್ಟರು, ಮಾತ್ರೆ ನಿಲ್ಲಿಸಿದರು. ಆಸ್ಪತ್ರೆಯಲ್ಲಿರುವಾಗ ಶ್ವಾಸಕೋಶಕ್ಕೆ ಸೋಂಕು ತಗಲಿತು. ಮೂರು ವಾರ ಮಾತ್ರೆ ಶುರು ಮಾಡಲು ಆಗಲಿಲ್ಲ. ಆ ಮೂರು ವಾರದಲ್ಲಿ ಕುತ್ತಿಗೆಯ ಗಂಟುಗಳು ಮರಳಿ ಎದ್ದವು, ಮುಚ್ಚಿದ್ದ ದಾರಿ ತೆರೆದ ಹಾಗೆ. ಪುನಃ ಮಾತ್ರೆ ಕೊಟ್ಟಾಗ ಮೊದಲಿನ ಹಾಗೆ ಕರಗಲಿಲ್ಲ.

ಇದರಿಂದಲೇ ಆದದ್ದಾ ಎಂದು ನಾನು ಡಾಕ್ಟರನ್ನು ಕೇಳಿದ್ದೇನೆ. "ಹಾಗೆ ಹೇಳಲಿಕ್ಕೆ ಆಗುದಿಲ್ಲಮ್ಮ. ಕೆಲವರಿಗೆ ಈ ಮಾತ್ರೆ ವರ್ಷಗಟ್ಟಲೆ ಹಿಡಿಯುತ್ತದೆ, ಕೆಲವರಿಗೆ ಬೇಗ ಬಿಡುತ್ತದೆ. ನಿಲ್ಲಿಸದಿದ್ದರೂ ಬಿಡುತ್ತಿತ್ತೋ ಏನೋ," ಎಂದರು. ಆ "ಏನೋ" ಎಂಬುದನ್ನು ಹಿಡಿದುಕೊಂಡು ಇಷ್ಟು ದಿನ ಬದುಕಿದ್ದೇನೆ.

ಕಾಯಿಲೆ ಎಲ್ಲರಿಗೂ ತಿಳಿಯಿತು. ಸುಳ್ಯದವರು ಸಂಬಂಧ ಬಿಡಲಿಲ್ಲ. ಹುಡುಗನ ತಂದೆ ಆಸ್ಪತ್ರೆಗೆ ಬಂದು, "ಭಾವ, ನಿಕಾಹ್ ಬೇಗ ಮಾಡಿಬಿಡುವ, ನೀವು ನೋಡಬೇಕಲ್ವಾ?" ಎಂದು ನನ್ನ ಗಂಡನ ಕೈ ಹಿಡಿದರು. ಯಾರಿಗೆ ಹೆದರಿ ನಾನು ಅಷ್ಟೆಲ್ಲ ಮಾಡಿದೆನೋ ಅವರು ಹೆದರಬೇಕಾದವರೇ ಅಲ್ಲ. ಮದುವೆಯ ದಿನ ನನ್ನ ಗಂಡನ ಕಾಲು ಊದಿ ಅವರ ಅಂಗಡಿಯ ಯಾವ ನಂಬ್ರದ ಚಪ್ಪಲಿಯೂ ಹಿಡಿಯಲಿಲ್ಲ. ಬರಿಗಾಲಿನಲ್ಲಿ ಕೂತು ಮಗಳನ್ನು ಕಳಿಸಿಕೊಟ್ಟರು. ಎರಡು ತಿಂಗಳಲ್ಲಿ ಹೋದರು. ಆ ಫಾರಂನ ಬಗ್ಗೆ ನಮ್ಮೊಳಗೆ ಕೊನೆಯವರೆಗೂ ಒಂದು ಮಾತು ಆಗಲಿಲ್ಲ. ನಾನು ತೆಗೆಯಲಿಲ್ಲ, ಅವರೂ ತೆಗೆಯಲಿಲ್ಲ.

ಮೈದುನ ಅಣ್ಣನ ಮೇಲೆ ಪ್ರಾಣ ಇಟ್ಟವನು. ಈಗ ವಾರಕ್ಕೆ ಎರಡು ಸಲ ಮೀನು, ತರಕಾರಿ ತಂದು ಅಡಿಗೆಮನೆಯ ಹೊಸ್ತಿಲಲ್ಲಿ ಇಡುತ್ತಾನೆ. ಅವನ ಎದುರು ನಾನು ಬರುವಂತಿಲ್ಲ, ಬಾಗಿಲ ಹಿಂದಿನಿಂದ ಮಾತು. ಇಲ್ಲಿಯವರೆಗೆ ಬರೆದಿಟ್ಟ ಮೇಲೆ, ಹೋದ ಸೋಮವಾರ ಬೂತಾಯಿ ಮೀನು ತಂದವನು ಹೊರಗಿನಿಂದಲೇ ಹೇಳಿದ: "ಅತ್ತಿಗೆ, ಆ ಹಲ್ಲಿನವಳ ಕ್ಲಿನಿಕ್ಕಿನಲ್ಲಿ ಈಗ ನೊಣ ಹೊಡೆಯುದೇ ಕೆಲಸ. ಮೊನ್ನೆ ನನಗೆ ಒಂದು ಕಾಗದ ತೋರಿಸಿದಳು. ಎಲ್ಲ ಇಲ್ಲ, ಇಲ್ಲ ಅಂತ ಬರೆದದ್ದು. ನಿಮ್ಮ ಮನೆಯವರೇ ಬರೆದು ಕೊಟ್ಟದ್ದು ಅಂತಾಳೆ. ಕಾಗದ ಯಾರು ಬೇಕಾದರೂ ಬರೀಬಹುದಲ್ವಾ? ನೀನೇ ಬರೆದು ಇಟ್ಟದ್ದು ಅಂತ ಎಲ್ಲರ ಎದುರು ಹೇಳಿದೆ. ಅತ್ತುಬಿಟ್ಟಳು."

ನಾನು ಬಾಗಿಲಿನ ಚಿಲಕ ಹಿಡಿದುಕೊಂಡಿದ್ದೆ.

"ಆ ಅಕ್ಷರ ನನ್ನದು," ಎಂದೆ.

"ಎಂತ?"

"ಆ ಕಾಗದ ಬರೆದದ್ದು ನಾನು. ನಿನ್ನ ಅಣ್ಣ ತಿನ್ನುತ್ತಿದ್ದ ಮಾತ್ರೆಯಲ್ಲಿ ರಕ್ತ ನಿಲ್ಲುದಿಲ್ಲ ಅಂತ ನನಗೆ ಗೊತ್ತಿತ್ತು. ಹುಡುಗನ ಸೋದರತ್ತೆ ಪಕ್ಕದಲ್ಲಿ ಕೂತಿದ್ದರು. ಡಾಕ್ಟರು ಎರಡು ಸಲ ಬಾಯಿಬಿಟ್ಟು ಕೇಳಿದ್ದಾರೆ. ನಾನು ಇಲ್ಲ ಅಂದೆ."

ಹೊರಗೆ ಬೆಕ್ಕು ಮೀನಿನ ಚೀಲ ಎಳೆಯುವ ಸದ್ದು. ಅವನು ಅದನ್ನು ಓಡಿಸಲಿಲ್ಲ. ಆಮೇಲೆ ಕೇಳಿದ: "ಅಣ್ಣನಿಗೆ ಗೊತ್ತಿತ್ತಾ?"

"ನಾನು ಬರೆಯುದನ್ನು ನೋಡ್ತಾ ಇದ್ದರು."

"ಮಗಳಿಗೆ?"

"ಇಲ್ಲ."

"ಹೇಳುದು ಬೇಡ," ಎಂದ. ಸ್ವರ ಬೇರೆಯಾಗಿತ್ತು. "ಹೊಸದಾಗಿ ಹೋದ ಹುಡುಗಿ. ಆ ಮನೆಯವರಿಗೆ ತಿಳಿದರೆ ಎಂತ ಎಣಿಸಿಯಾರು? ನಾನು ಇನ್ನು ಆ ಡಾಕ್ಟರ ಸುದ್ದಿ ಎತ್ತುದಿಲ್ಲ. ನೀವೂ ಎತ್ತಬೇಡಿ. ಅಲ್ಲಿಗೇ ಇರಲಿ."

ಅವನು ಹೋದ ಮೇಲೆ ಬಾಗಿಲು ತೆರೆದು ಮೀನು ಒಳಗೆ ತಂದೆ. ಅವನ ಮಾತಿನಲ್ಲಿ ನನಗೆ ನನ್ನದೇ ಸ್ವರ ಕೇಳಿಸಿತು. ಕ್ಯಾಲ್ಸಿಯಂ ಡಬ್ಬಿಗೆ ಮಾತ್ರೆ ತುಂಬಿಸುವಾಗ ನಾನೂ ಹೀಗೇ ಹೇಳಿದ್ದೆ, ಅಲ್ಲಿಗೇ ಇರಲಿ ಎಂದು. ಅವನು ಸುಮ್ಮನಾದರೆ ಬೊಬ್ಬೆ ನಿಲ್ಲಬಹುದು. ಆ ಹುಡುಗಿಯ ಮೇಲೆ ಬಿದ್ದ, ಸುಳ್ಳು ಕಾಗದ ಬರೆದವಳು ಎಂಬ ಮಾತು ನಿಲ್ಲುವುದಿಲ್ಲ. ನಾನು ಎದ್ದು ಹೋಗಿ ಹೇಳೋಣವೆಂದರೆ ಇನ್ನೂ ಎರಡು ತಿಂಗಳು ಹೊಸ್ತಿಲು ದಾಟುವಂತಿಲ್ಲ.

ಆ ರಾತ್ರಿಯೇ ಈ ಪುಸ್ತಕದಿಂದ ಒಂದು ಹಾಳೆ ಹರಿದು ಡಾಕ್ಟರಿಗೆ ಕಾಗದ ಬರೆದೆ. ಉದ್ದ ಬರೆಯಲಿಲ್ಲ. ಫಾರಂ ಬರೆದದ್ದು ನಾನು, ತಿಳಿದೇ ಸುಳ್ಳು ಬರೆದೆ, ನಿಮ್ಮದು ತಪ್ಪಿಲ್ಲ, ಈ ಕಾಗದವನ್ನು ಯಾರಿಗೆ ಬೇಕಾದರೂ ತೋರಿಸಿ. ಕೆಳಗೆ ಸಹಿ. ಅಕ್ಷರ ತಾಳೆ ನೋಡಲಿ ಎಂದು ಫಾರಂನಲ್ಲಿ ಬರೆದ ಹಾಗೆಯೇ ಚಂದ ಮಾಡಿ ಬರೆದೆ.

ಶುಕ್ರವಾರ ಮಗಳು ಬಂದಳು. ಲಕೋಟೆ ಅವಳ ಕೈಗೆ ಕೊಟ್ಟೆ.

"ಯಾರಿಗೆ ಉಮ್ಮಾ?"

"ಪುತ್ತೂರಿನ ಹಲ್ಲಿನ ಡಾಕ್ಟರಿಗೆ. ಹೋಗುವ ದಾರಿಯಲ್ಲಿ ಕೊಡು."

ಅವಳ ಮುಖ ಗಂಟಾಯಿತು. "ಅವಳಿಗೆ ಎಂತ ಕಾಗದ?"

"ಅಂಟಿಸಲಿಲ್ಲ. ಮೊದಲು ನೀನು ಓದು."

ಅವಳು ಮಂಚದ ಅಂಚಿನಲ್ಲಿ ಕೂತು ಓದಿದಳು. ಒಂದು ಪುಟದ ಕಾಗದಕ್ಕೆ ಅಷ್ಟು ಹೊತ್ತು ಬೇಡ. ಎರಡು ಸಲ, ಮೂರು ಸಲ ಓದಿರಬೇಕು. ಆಮೇಲೆ ತಲೆ ಎತ್ತದೆ, "ನನ್ನ ಮದುವೆಗೆ ಅಂತ ಇದರಲ್ಲಿ ಯಾಕೆ ಬರೀಲಿಲ್ಲ?" ಎಂದು ಕೇಳಿದಳು.

"ಮಾಡಿದ್ದು ನೀನಲ್ಲ."

ಅವಳು ಲಕೋಟೆ ಬ್ಯಾಗಿಗೆ ಹಾಕಿ ಜಿಪ್ ಎಳೆದಳು. ಚಾ ಮಾಡಿದ್ದೆ, ಕುಡಿಯಲಿಲ್ಲ. ಯಾವಾಗಲೂ ಹೋಗುವಾಗ ನನ್ನ ಹಣೆಗೆ ಮುತ್ತು ಕೊಡುವವಳು, ಆ ದಿನ ಮೆಟ್ಟಿಲಲ್ಲಿ ಚಪ್ಪಲಿ ಹಾಕಿಕೊಂಡು ಹಿಂದೆ ನೋಡದೆ ಹೋದಳು. ಉಪ್ಪ ಆರಿಸಿ ಕೊಟ್ಟ ಚಪ್ಪಲಿ, ಆರು ನಂಬ್ರ. ಗಾಡಿ ಪುತ್ತೂರಿನ ಕಡೆ ತಿರುಗಿತಾ, ಕಡಬದ ಮಾರ್ಗವಾಗಿ ಸುಳ್ಯಕ್ಕೆ ಹೋಯಿತಾ, ನನ್ನ ಕಿಟಕಿಯಿಂದ ಕಾಣುವುದಿಲ್ಲ.

ಸಂಜೆ ಫೋನ್ ಬಂತು.

"ಕೊಟ್ಟೆ," ಎಂದಳು.

"ಎಂತ ಹೇಳಿದ್ರು?"

"ನಿಂತುಕೊಂಡೇ ಓದಿದ್ರು. ನಿಮ್ಮ ಆ ಹಳೇ ಕಾಗದ ತೆಗೆದು ಎರಡನ್ನೂ ಒಟ್ಟಿಗೆ ಪಿನ್ ಮಾಡಿ ಫೈಲಿನಲ್ಲಿಟ್ಟರು. ಬೈಯಲಿಲ್ಲ. ಆ ಮಾತ್ರೆಯ ಹೆಸರೆಂತ ಅಂತ ಕೇಳಿದ್ರು, ಇನ್ನು ಮುಂದೆ ಬರುವವರ ಹತ್ತಿರ ಹೆಸರು ಹಿಡಿದೇ ಕೇಳ್ಬೇಕು ಅಂತ." ಮುಂದಿನದನ್ನು ಅವಳು ಗಡಿಬಿಡಿಯಲ್ಲಿ ಹೇಳಿದಳು. "ಗೊತ್ತಿಲ್ಲ ಅಂದೆ. ನನಗೆ ಗೊತ್ತೇ ಇಲ್ಲ ಉಮ್ಮಾ. ಉಪ್ಪ ಒಂದು ವರ್ಷ ನನ್ನೆದುರು ತಿಂದ ಮಾತ್ರೆಯ ಹೆಸರು ನನಗೆ ಗೊತ್ತಿಲ್ಲ."

"ನಿಲ್ಲು," ಎಂದೆ.

ಬೀರು ತೆಗೆದು ಮದುವೆ ಸೀರೆಯ ಅಡಿಗೆ ಕೈ ಹಾಕಿದೆ. ಬಿಳಿ ಡಬ್ಬಿಗಳು ಸಾಲಾಗಿ ಹಾಗೆಯೇ ಇದ್ದವು. ಒಂದನ್ನು ಕಿಟಕಿಯ ಬೆಳಕಿಗೆ ಹಿಡಿದೆ. ನನಗೆ ಇಂಗ್ಲಿಷ್ ಕೂಡಿಸಿ ಓದಲು ತಡವಾಗುತ್ತದೆ. ಹಾಗಾಗಿ ಒಂದೊಂದೇ ಅಕ್ಷರ ಹೇಳುತ್ತಾ ಹೋದೆ, ಬಾಗಿಲು ತೆರೆದಿತ್ತು, ಅಡಿಗೆಮನೆಯಲ್ಲಿ ಪಕ್ಕದ ಮನೆಯ ಮುದುಕಿ ಕೂತಿದ್ದಳು, ಆದರೂ ಗಟ್ಟಿಯಾಗಿಯೇ ಹೇಳಿದೆ.

"ಬರಕೊಂಡೆಯಾ?"

"ಮಧ್ಯದ್ದು ಕೇಳ್ಲಿಲ್ಲ," ಎಂದಳು ಮಗಳು. "ಇನ್ನೊಮ್ಮೆ ಹೇಳಿ."